ಕ್ಯೂಬೆಕ್ಕಿನ ತೆರೆಸ್ ಅವರನ್ನು ನಾನು ಸಾಯಿಸಿದ್ದು

ನನಗೆ ಮೂವತ್ತಮೂರು ವರ್ಷ. ನಾನು ನಿವೃತ್ತ. ನಗುವವರು ಈಗಲೇ ನಕ್ಕುಬಿಡಿ. ಪರ್ತ್‌ನಲ್ಲಿದ್ದ ನಮ್ಮ ಯಜಮಾನಿ ಬೆವ್ ಎಪ್ಪತ್ತು ತುಂಬಿದ ದಿನ ಕಚೇರಿಗೆ ಬೀಗ ಹಾಕಿದರು. ಆ ಕಚೇರಿಯಲ್ಲಿ ಇದ್ದದ್ದೇ ಇಬ್ಬರು. ಒಬ್ಬರು ನಿವೃತ್ತರಾದ ಮೇಲೆ ಇನ್ನೊಬ್ಬನೂ ಆಗಲೇಬೇಕಲ್ಲ.

ನಾವು ಮಾಡುತ್ತಿದ್ದ ಕೆಲಸ, ಆಸ್ಟ್ರೇಲಿಯಾದವರಿಗೆ ಅವರ ಫ್ರೆಂಚ್-ಕೆನಡಿಯನ್ ಪೂರ್ವಜರನ್ನು ಹುಡುಕಿಕೊಡುವುದು. ಹೌದು, ಅಂಥದ್ದೊಂದು ಕೆಲಸ ಇದೆ. ಕೆನಡಾದ ಕ್ಯೂಬೆಕ್‌ನಲ್ಲಿ ಫ್ರೆಂಚ್ ಮಾತಾಡುವ ಜನರಿದ್ದಾರೆ. ಅವರಲ್ಲಿ ಕೆಲವರು ಚಿನ್ನ ಅಗೆಯಲು, ಕೆಲವರು ಹಡಗಿನಲ್ಲಿ ದುಡಿಯುತ್ತ, ಕೆಲವರು ಮದುವೆಯಾಗಿ ಈ ಕಡೆ ಬಂದರು. ಅವರ ಮೊಮ್ಮಕ್ಕಳಿಗೆ ಈಗ ವಯಸ್ಸಾಗಿದೆ. ಹಿತ್ತಲ ಹುಲ್ಲು ಕತ್ತರಿಸಿ ಕತ್ತರಿಸಿ ಬೇಜಾರಾಗಿ ಒಂದು ದಿನ ‘ಅಂದಹಾಗೆ ನಾವು ಯಾರು?’ ಎಂದು ಕೇಳುತ್ತಾರೆ. ಉತ್ತರ ಹುಡುಕಲು ಕೂರುವವನು ಮೈಸೂರಿನ ಸರಸ್ವತಿಪುರಂ ಹುಡುಗ.

ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಓದುತ್ತಿರುವ ಸ್ನೇಹಾ ಎಂಬ ಬೆಂಗಳೂರಿನ ಹುಡುಗಿಗೆ ಇಂಥದೇ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿದೆ. “ವಿಶ್ವಣ್ಣ, ಕೆಲಸ ನಿಜವಾಗ್ಲೂ ಹೇಗಿರತ್ತೆ ಅಂತ ಬರ್ಕೊಡಿ. ಪ್ರಮೋಷನ್ ಕಥೆ ಬೇಡ” ಅಂದಳು. ನನಗೆ ಪ್ರಮೋಷನ್ ಕಥೆಯೇ ಇಲ್ಲ, ಪುಟ್ಟಿ. ನನಗೆ ಬಡ್ತಿ ಸಿಗಬೇಕಾದರೆ ಬೆವ್ ಸಾಯಬೇಕಿತ್ತು, ಅವರು ದಿನಾ ಬೆಳಿಗ್ಗೆ ಸಮುದ್ರದಲ್ಲಿ ಈಜುತ್ತಿದ್ದರು. ಹಾಗಾಗಿ ನನ್ನ ತಪ್ಪುಗಳನ್ನೇ ಬರೆಯುತ್ತೇನೆ. ಅದರಲ್ಲೂ ಅಡಿಲೇಡಿನ ಐರಿಸ್ ಅವರ ಅಕ್ಕನ ವಿಷಯ ಬಿಟ್ಟು ಬೇರೇನು ಬರೆದರೂ ಅದು ಬರೀ ಜಂಬವಾಗುತ್ತದೆ. ಒಂದು ಮಾತು: ಇಲ್ಲಿ ಬರುವವರಲ್ಲಿ ಹೆಚ್ಚಿನವರು ಆಡಿದ್ದು ಇಂಗ್ಲಿಷ್ ಇಲ್ಲವೇ ಫ್ರೆಂಚ್. ಅವರ ಬಾಯಿಗೆ ಮೈಸೂರು ಕನ್ನಡ ತುರುಕಿದವನು ನಾನು. ಅವರಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಕೆಲಸ ಸಿಕ್ಕಿದ್ದು ಪಿಯುಸಿಯ ಪುಣ್ಯದಿಂದ. ನಮ್ಮ ಕಾಲೇಜಿನಲ್ಲಿ ಅಂಕ ಜಾಸ್ತಿ ಬರುತ್ತದೆ ಎಂದು ಅರ್ಧ ತರಗತಿ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡಿತ್ತು. ನನಗೆ ತೊಂಬತ್ತೇಳು ಬಂತು. ಒಬ್ಬ ಫ್ರೆಂಚರನ್ನೂ ಕಣ್ಣಲ್ಲಿ ನೋಡಿರಲಿಲ್ಲ. ಬ್ರಿಸ್ಬೇನಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಮುಗಿಸಿ ಕೆಲಸ ಹುಡುಕುವಾಗ ಬೆವ್ ಸ್ಕೈಪಿನಲ್ಲಿ ಕಾಣಿಸಿಕೊಂಡರು. ಕಾಣಿಸಿದ್ದು ಹಣೆ ಮಾತ್ರ. ಆಮೇಲಿನ ಏಳು ವರ್ಷವೂ ಸ್ಕೈಪಿನಲ್ಲಿ ನಾನು ಅವರ ಹಣೆಯ ಕೆಳಗೆ ಏನೂ ನೋಡಲಿಲ್ಲ.

“ಫ್ರೆಂಚ್ ಬರುತ್ತಾ?”

“ಬರುತ್ತೆ ಮೇಡಂ. ತೊಂಬತ್ತೇಳು.”

“ನನ್ನನ್ನ ಮೇಡಂ ಅನ್ಬೇಡ, ಬೆವ್ ಅನ್ನು. ತೊಂಬತ್ತೇಳು ಏನು, ವಯಸ್ಸಾ?”

ಹೀಗೆ ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕಿನಲ್ಲಿ, ರೋಬೋಟ್ ಮಾಡುವವರಿಗೂ ರಕ್ತಪರೀಕ್ಷೆಯ ಯಂತ್ರ ಮಾರುವವರಿಗೂ ನಡುವಿನ ಒಂದು ಕೋಣೆಯಲ್ಲಿ ನಾನು ಸತ್ತವರನ್ನು ಹುಡುಕಲು ಕೂತೆ.

ಮೊದಲ ತಿಂಗಳೇ ಮೊದಲ ಎಡವಟ್ಟು. ಯಾವುದೋ ಹಳ್ಳಿಯ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಓದುತ್ತಿದ್ದೆ. ಒಂದೇ ಮನೆಯಲ್ಲಿ ಒಂಬತ್ತು ಗಂಡುಮಕ್ಕಳು, ಒಂಬತ್ತೂ ಜೋಸೆಫ್. ಆರು ಹೆಣ್ಣುಮಕ್ಕಳು, ಆರೂ ಮರೀ. ‘ಈ ದಂಪತಿಗೆ ಮಕ್ಕಳ ಕೊರತೆ ಇರಲಿಲ್ಲ, ಹೆಸರಿನ ಕೊರತೆ ಇತ್ತು’ ಎಂದು ವರದಿಯಲ್ಲಿ ಬರೆದೆ. ಚೆಂದದ ವಾಕ್ಯ ಎಂದು ಎರಡು ಸಲ ಓದಿಕೊಂಡೆ ಕೂಡ. ಬೆವ್ ಫೋನ್ ಮಾಡಿದರು. ಅವರ ದನಿ, ತಗಡಿನ ಡಬ್ಬಿಯಲ್ಲಿ ಗೋಲಿ ಉರುಳಿಸಿದ ಹಾಗೆ.

“ವಿಶ್, ಅಲ್ಲಿ ಗಂಡು ಹುಟ್ಟಿದ್ರೆ ಮೊದಲು ಜೋಸೆಫ್ ಅಂತಲೇ ಬರೀತಾರೆ, ಹೆಣ್ಣಾದ್ರೆ ಮರೀ. ಅದು ದೇವರಿಗೆ. ನಡುವಿನ ಹೆಸರು ಮಗೂನ ಎತ್ಕೊಂಡು ನಿಂತೋರದ್ದು. ಕೊನೇದು ಮನೇಲಿ ಕೂಗೋದು. ಕೊನೇ ಹೆಸರು ಓದು ಮಾರಾಯ. ಒಂಬತ್ತು ಜನಾನ ಒಬ್ಬನ್ನಾಗಿ ಮಾಡಿದ್ದೀಯ.”

ಅವರಿಗೆ ಒಂದು ನೇಮವಿತ್ತು: ಯಾವ ಸಂಗತಿಗೂ ಮೂರು ಸಾಕ್ಷಿ. ಹುಟ್ಟಿದ್ದಕ್ಕೆ ಮೂರು, ಸತ್ತಿದ್ದಕ್ಕೆ ಮೂರು. ಪೆನ್ನು ಮುಟ್ಟುವಂತಿಲ್ಲ, ಪೆನ್ಸಿಲ್ಲೇ ಆಗಬೇಕು. “ಪೆನ್ನಲ್ಲಿ ಬರೆದೋರಿಗೆ ಜಂಬ ಬರತ್ತೆ” ಅನ್ನುತ್ತಿದ್ದರು. ಈ ವಾಕ್ಯವನ್ನು ಅದೇ ಡಬ್ಬಿದನಿಯಲ್ಲಿ ನಾನು ಕ್ಯಾಲಮ್‌ವೇಲ್‌ನಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟಿದ್ದ ಪದ್ಮಾ ಆಂಟಿಯ ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ. ಒಮ್ಮೆ ಕಚೇರಿಯ ಫೋನಿಗೆ, ಯಾರೂ ಇಲ್ಲದಾಗ ಕೇಳಿಸುವ ಸಂದೇಶ ಮುದ್ರಿಸುವಾಗಲೂ ತಮಾಷೆಗೆ ಬೆವ್ ದನಿಯಲ್ಲೇ ‘ನಾವೀಗ ಸತ್ತವರ ಜೊತೆ ಮಾತಿನಲ್ಲಿದ್ದೇವೆ’ ಅಂದು, ಅಳಿಸಲು ಮರೆತು ಮನೆಗೆ ಬಂದೆ. ಮಾರನೆಯ ದಿನ ಮೊದಲು ಕರೆ ಮಾಡಿದವರು ಬೆವ್. ಪೂರ್ತಿ ಕೇಳಿಸಿಕೊಂಡು, “ನಾನು ಇಷ್ಟು ಸ್ಪಷ್ಟವಾಗಿ ಮಾತಾಡೋಳಲ್ಲ. ಇರ್ಲಿ ಬಿಡು, ಅದನ್ನೇ ಇಟ್ಕೋ” ಅಂದರು. ಮೇಲಧಿಕಾರಿ ಅಂದರೆ ಹೀಗಿರಬೇಕು.

ಐರಿಸ್ ಅವರ ಪತ್ರ ಬಂದದ್ದು ಎರಡನೆಯ ವರ್ಷದಲ್ಲಿ. ಅಡಿಲೇಡಿನ ನಿವೃತ್ತ ಶಾಲಾ ಶಿಕ್ಷಕಿ, ಅರವತ್ತೇಳರ ಒಂಟಿ ಹೆಂಗಸು. ಅವರ ಅಪ್ಪ ಯುದ್ಧದ ಕಾಲದಲ್ಲಿ ವಿಮಾನ ಹಾರಿಸುವ ತರಬೇತಿಗೆಂದು ಕೆನಡಾಕ್ಕೆ ಹೋಗಿದ್ದ ಅಡಿಲೇಡಿನ ಹುಡುಗ. ಹೋದವನು ಅಲೀನ್ ಎಂಬ ಫ್ರೆಂಚ್ ಹುಡುಗಿಯನ್ನು ಮದುವೆಯಾಗಿ ಕರೆತಂದ. ಆ ದಂಪತಿಗೆ ಐರಿಸ್ ಒಬ್ಬಳೇ ಮಗಳು. ಹಾಗೆಂದೇ ಐರಿಸ್ ತಿಳಿದಿದ್ದರು. ಅಮ್ಮ ತೀರಿಕೊಂಡ ಮೇಲೆ ಹೊಲಿಗೆ ಡಬ್ಬಿಯ ತಳದಲ್ಲಿ ಒಂದು ಪುಟ್ಟ ಹುಡುಗಿಯ ಫೋಟೋ, ಒಂದು ದೀಕ್ಷಾಸ್ನಾನದ ಚೀಟಿ ಸಿಕ್ಕಿತು. ಚೀಟಿಯಲ್ಲಿ ‘ಮರೀ ಜಾನ್ ತೆರೆಸ್ ಲಾರೋಸ್’. ತಾಯಿಯ ಹೆಸರು ಅಲೀನ್. ಫೋಟೋದ ಬೆನ್ನಿಗೆ ಅಮ್ಮನ ಕೈಬರಹ: ‘ಅಪ್ಪ ತೀರಿದ ಮೇಲೆ, ಅಪ್ಪನ ತಾಯಿಯ ಮನೆಯಲ್ಲಿ, ನಾಲ್ಕು ವರ್ಷ.’ ಅಂದರೆ ಅಮ್ಮನಿಗೆ ಮೊದಲೊಂದು ಮದುವೆಯಾಗಿತ್ತು, ಆ ಗಂಡ ಸತ್ತಿದ್ದ, ನಾಲ್ಕು ವರ್ಷದ ಮಗಳನ್ನು ಆತನ ತಾಯಿಯ ಬಳಿ ಬಿಟ್ಟು ಅಮ್ಮ ಸಮುದ್ರ ದಾಟಿದ್ದರು. ಉಳಿದ ಆಯಸ್ಸಿನಲ್ಲಿ ಒಂದು ಮಾತೂ ಆಡಿರಲಿಲ್ಲ.

ಪತ್ರದ ಕೊನೆಯಲ್ಲಿ ಐರಿಸ್ ಬರೆದಿದ್ದರು: ‘ನನಗೆ ವಂಶವೃಕ್ಷ ಬೇಡ. ನನ್ನ ಅಕ್ಕ ಬದುಕಿದ್ದಾಳೆಯೇ, ಅಷ್ಟು ಹೇಳಿ ಸಾಕು.’

ಅಷ್ಟೇ ತಾನೇ, ಅಂದುಕೊಂಡೆ. ಆ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ನಾನು ಸೇರಿದಾಗ ಫಿಲ್ಮಿನ ಸುರುಳಿಗಳನ್ನು ತರಿಸಿ, ದೊಡ್ಡ ಯಂತ್ರದಲ್ಲಿ ಹಾಕಿ, ಪಾದ್ರಿಯ ಕೋಳಿಕಾಲು ಅಕ್ಷರವನ್ನು ಪುಟ ಪುಟ ಓದಬೇಕಿತ್ತು. ಕತ್ತು ನೋಯುತ್ತಿತ್ತು. ಆದರೆ ಒಬ್ಬಳು ಸತ್ತಳೆಂದರೆ ಯಾರ ಮಗಳು, ಯಾರ ಹೆಂಡತಿ, ಸಮಾಧಿಗೆ ಯಾರು ಬಂದಿದ್ದರು ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಎರಡನೆಯ ವರ್ಷಕ್ಕೆ ಕಂಪ್ಯೂಟರಿನಲ್ಲಿ ಸೂಚಿ ಬಂತು. ಹೆಸರು ಒತ್ತಿದರೆ ಒಂದೇ ಸಾಲು: ಹೆಸರು, ವಯಸ್ಸು, ಊರು. ಮುಂದೆ ಎಂಜಲು ಪರೀಕ್ಷೆಯೂ ಬಂತು, ಜನ ಕೊಳವೆಗೆ ಉಗುಳಿ ಕಳಿಸಿ ತಾವು ಯಾರೆಂದು ತಿಳಿದುಕೊಳ್ಳತೊಡಗಿದರು. ಆದರೆ ಅದು ಆಮೇಲಿನ ಮಾತು.

ಸೂಚಿಯಲ್ಲಿ ತೆರೆಸ್ ಲಾರೋಸ್ ಅವರ ಮದುವೆ ಸಿಕ್ಕಿತು. ವರ ಬೆಲಾಂಜೆ ಮನೆತನದವನು. ಸರಿ, ಇನ್ನು ಆಕೆ ತೆರೆಸ್ ಬೆಲಾಂಜೆ. ನನ್ನ ತಲೆಗೆ ಬೇರೆ ಯೋಚನೆ ಬರಲಿಲ್ಲ, ಏಕೆಂದರೆ ನಮ್ಮಲ್ಲಿ ಮದುವೆಯ ಊಟದ ಎಲೆ ಎತ್ತುವ ಮೊದಲೇ ಹುಡುಗಿಯ ಇನಿಷಿಯಲ್ ಬದಲಾಗಿರುತ್ತದೆ. ಪದ್ಮಾ ಆಂಟಿ ವೀಸಾ ಅರ್ಜಿಗಾಗಿ ಅಪ್ಪನ ಹೆಸರು ಕಿತ್ತು ಗಂಡನ ಹೆಸರು ಅಂಟಿಸಲು ಒಂದು ತಿಂಗಳು ಬ್ಯಾಂಕು, ಪಾಸ್‌ಪೋರ್ಟ್ ಆಫೀಸು ಅಲೆದಿದ್ದರು. ಹಾಗಾಗಿ ಬೆಲಾಂಜೆ ಎಂದು ಒತ್ತಿದೆ. ‘ತೆರೆಸ್ ಬೆಲಾಂಜೆ, ಸಮಾಧಿ.’ ವಯಸ್ಸು ಹೊಂದಿತು. ಊರು ಪಕ್ಕದ್ದೇ.

ಒಂದು ಸಾಕ್ಷಿ. ಇನ್ನೆರಡು ಬೇಕಿತ್ತು. ಅಂದು ಶುಕ್ರವಾರ, ಆರ್ವೋದಲ್ಲಿ ಬಾರ್ಬಿ ಇತ್ತು, ಇಲ್ಲಿನವರ ಬಾಯಲ್ಲಿ ಮಧ್ಯಾಹ್ನದ ಬಾರ್ಬೆಕ್ಯೂ. ‘ನಿಮ್ಮ ಸೋದರಿ ತೀರಿಕೊಂಡು ಹಲವು ವರ್ಷಗಳಾಗಿವೆ ಎಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಬರೆದು, ಮೂರು ಸಾಕ್ಷಿಯ ಜಾಗದಲ್ಲಿ ಒಂದನ್ನೇ ಮೂರು ಬಗೆಯಲ್ಲಿ ಬರೆದು, ಬೆವ್ ಕಣ್ಣು ತಪ್ಪಿಸಿ ಕಳಿಸಿದೆ.

ಐರಿಸ್ ಉತ್ತರ ಬರೆದರು. ಬೈಗುಳವಲ್ಲ, ಆಹ್ವಾನ. ಹಿತ್ತಲಲ್ಲಿ ಅಕ್ಕನ ನೆನಪಿಗೆ ಒಂದು ಪುಟ್ಟ ಸಭೆ, ನೀವೂ ಬರಬೇಕು. ಇದನ್ನು ಹೇಳಿದಾಗ ಪದ್ಮಾ ಆಂಟಿ ಚೀಲದಲ್ಲಿ ಬಾಳೆಹಣ್ಣಿನ ಚಿಪ್ಪು ಇಟ್ಟರು. “ಸಾವಿನ ಮನೆಗೆ ಬರಿಗೈಲಿ ಹೋಗ್ಬಾರ್ದು ಕಣೋ.” ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಹೊರಗಿನ ಹಣ್ಣು ತರುವಂತಿಲ್ಲ ಎಂದು ಅಧಿಕಾರಿ ಚಿಪ್ಪನ್ನು ಡಬ್ಬಕ್ಕೆ ಹಾಕಿಸಿದ. ಬರಿಗೈಯಲ್ಲೇ ಹೋದೆ. ಹತ್ತು ಜನ ಸೇರಿದ್ದರು. ಲಾರೋಸ್ ಅಂದರೆ ಗುಲಾಬಿ ಅಲ್ಲವೇ ಎಂದು ಐರಿಸ್ ಒಂದು ಗುಲಾಬಿ ಗಿಡ ನೆಟ್ಟು, ಪಕ್ಕದಲ್ಲಿ ತೆರೆಸ್ ಹೆಸರಿನ ಹಿತ್ತಾಳೆ ಫಲಕ ಹುಗಿದಿದ್ದರು. ಎಂದೂ ನೋಡದ ಅಕ್ಕನಿಗಾಗಿ ಆ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ನಾನು ತಿಂಡಿಯ ಮೇಜಿನ ಕಡೆ ತಿರುಗಿ ಸ್ಕೋನ್ ಎಂಬ ಪುಟ್ಟ ಬನ್ನು ಮೂರು ತಿಂದೆ, ಜ್ಯಾಮ್ ಹಚ್ಚಿಕೊಂಡು.

ಐದು ತಿಂಗಳ ಮೇಲೆ ಪರ್ತ್‌ಗೆ ಹೋದೆ. ವರ್ಷಕ್ಕೊಮ್ಮೆ ಬೆವ್ ನನ್ನನ್ನು ಕರೆಸಿ ತಮ್ಮ ಮನೆಯ ವರಾಂಡದಲ್ಲಿ ಕೂರಿಸಿ ಹಳೆಯ ಕಡತ ತಿದ್ದಿಸುತ್ತಿದ್ದರು. ಹಣೆಯ ಕೆಳಗೂ ಅವರಿಗೆ ಮುಖವಿದೆಯೆಂದು ಆಗ ಖಾತ್ರಿಯಾಗುತ್ತಿತ್ತು. ಆ ದಿನ ರಾನ್ ಎಂಬ ನಿವೃತ್ತ ಪೊಲೀಸಿನವರು ತಮ್ಮ ವಂಶದ ವರದಿ ಪಡೆಯಲು ಬಂದರು. ಕುರ್ಚಿಯನ್ನೂ ವಿಚಾರಣೆ ಮಾಡಿ ಕೂರುವಂಥ ಮನುಷ್ಯ.

ಅವರ ತಾಯಿ ಕಡೆಯವರ ಹೆಸರು ಪುಸ್ತಕದಲ್ಲಿ ‘ಬರ್ಬೋ ದಿ ಲಾದೂಸರ್’ ಎಂದಿತ್ತು. ಫ್ರೆಂಚ್-ಕೆನಡಿಯನ್ನರ ಈ ‘ದಿ’, ಅಂದರೆ ‘ಎಂದು ಕರೆಸಿಕೊಳ್ಳುವ’ ಎಂಬುದು ನಮ್ಮ ಕೆಲಸದ ಅರ್ಧ ತಲೆನೋವು. ಹಿಂದೆ ಸೈನ್ಯದಲ್ಲಿ ಒಂದೇ ಹೆಸರಿನವರು ಹತ್ತು ಜನರಿದ್ದರೆ ಒಬ್ಬೊಬ್ಬರಿಗೂ ಒಂದು ಅಡ್ಡಹೆಸರು ಇಡುತ್ತಿದ್ದರು. ಆತ ಯುದ್ಧ ಮುಗಿಸಿ ಹೊಲ ಮಾಡಿಕೊಂಡು ಮದುವೆಯಾದ ಮೇಲೂ ಅಡ್ಡಹೆಸರು ಬಿಡದೆ ಮಕ್ಕಳಿಗೂ ಅಂಟುತ್ತಿತ್ತು. ಮುಂದೆ ಒಬ್ಬ ಮಗ ಮೂಲ ಹೆಸರು ಹಿಡಿದರೆ ಇನ್ನೊಬ್ಬ ಅಡ್ಡಹೆಸರು ಹಿಡಿಯುತ್ತಿದ್ದ, ಮೊಮ್ಮಗ ಮತ್ತೆ ಹಿಂದಕ್ಕೆ ಹಾರುತ್ತಿದ್ದ. ನಮ್ಮ ಬೀದಿಯಲ್ಲಿ ಮನೆಗೆ ಎರಡು ಗೇಟ್ ಇಡಿಸಿದ ತಪ್ಪಿಗೆ ಡಬಲ್‌ಗೇಟ್ ರಾಮಣ್ಣ ಎನಿಸಿಕೊಂಡವರೊಬ್ಬರಿದ್ದರು. ಅವರ ಮೊಮ್ಮಗನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ‘ಡಬಲ್‌ಗೇಟ್’ ಎಂದು ಬಂದರೆ ಹೇಗಿರುತ್ತದೋ ಹಾಗೆ.

“ಅಂದ್ರೆ ಅಲಿಯಾಸ್” ಅಂದರು ರಾನ್. “ನಮ್ಮ ವಂಶದಲ್ಲಿ ಅಲಿಯಾಸ್ ಇಟ್ಕೊಂಡೋರು ಯಾರೂ ಇಲ್ಲ. ಅಂಥೋರನ್ನ ಮೂವತ್ತು ವರ್ಷ ನಾನೇ ಒಳಗೆ ಹಾಕ್ಸಿದ್ದೀನಿ.”

“ಅಡ್ಡಹೆಸರಿನ ಅರ್ಥ ಹೇಳಲಾ ಸರ್? ಬಹಳ ಮೃದು ಸ್ವಭಾವದವನು ಅಂತ” ಅಂದೆ. ಬೆವ್ ಕೆಮ್ಮಿದರು. ರಾನ್ ನನ್ನನ್ನು ಮುಂದೊಂದು ದಿನ ಗುರುತಿಸಬೇಕಾದೀತು ಎಂಬಂತೆ ನೋಡಿದರು.

ಆಮೇಲೆ ಮುತ್ತಜ್ಜಿಯ ಸಮಾಧಿಯ ಫೋಟೋ ತೋರಿಸಿದೆ. ಗಂಡನ ಹೆಸರು ಲಾದೂಸರ್, ಅವನ ಪಕ್ಕದಲ್ಲೇ ಮಲಗಿರುವ ಹೆಂಡತಿಯ ಹೆಸರು ಬೇರೆ. ರಾನ್ ಮುಖ ಕೆಂಪಾಯಿತು.

“ಇವರಿಗೆ ಮದುವೆ ಆಗಿತ್ತಾ ಇಲ್ವಾ?”

“ಆಗಿತ್ತು ಕಣಪ್ಪ” ಅಂದರು ಬೆವ್. “ಅಲ್ಲಿ ಹೆಂಗಸರು ಊರಲ್ಲಿ ಇಂಥವನ ಹೆಂಡತಿ ಅಂತ ಓಡಾಡಿದ್ರೂ, ಚರ್ಚಿನ ಪುಸ್ತಕದಲ್ಲಿ, ಸಮಾಧಿ ಕಲ್ಲಲ್ಲಿ ಎಲ್ಲ ಅಪ್ಪನ ಮನೆ ಹೆಸರೇ. ಹುಟ್ಟಿದ ಹೆಸರಲ್ಲೇ ಹೂಳೋದು. ಇದು ಮೊದಲನೇ ಪಾಠ, ಅಲ್ವಾ ವಿಶ್?”

ವಿಶ್ ಆಗಲೇ ಅಲ್ಲಿರಲಿಲ್ಲ. ಅವನು ಅಡಿಲೇಡಿನ ಹಿತ್ತಲಲ್ಲಿ, ಗುಲಾಬಿ ಗಿಡದ ಪಕ್ಕ, ಬಾಯಿ ತುಂಬ ಸ್ಕೋನ್ ಇಟ್ಟುಕೊಂಡು ನಿಂತಿದ್ದ. ಹುಟ್ಟಿದ ಹೆಸರಲ್ಲೇ ಹೂಳುವುದಾದರೆ, ತೆರೆಸ್ ಬೆಲಾಂಜೆ ಎಂದು ಹೂಳಿಸಿಕೊಂಡಾಕೆ ಬೆಲಾಂಜೆಯವರ ಮನೆಯಲ್ಲಿ ಹುಟ್ಟಿದ ಯಾರೋ ಬೇರೆಯವಳು. ಐರಿಸ್ ಅವರ ಅಕ್ಕನಲ್ಲ.

“ಬೆವ್” ಅಂದೆ. “ನಾನು ಒಬ್ಬರನ್ನ ಸಾಯಿಸಿದ್ದೀನಿ.”

ರಾನ್ ಟೀ ಕಪ್ಪು ಕೆಳಗಿಟ್ಟರು. “ಯಾವಾಗ? ಎಲ್ಲಿ?”

ಎಲ್ಲ ಹೇಳಿದೆ. ಶುಕ್ರವಾರ, ಬಾರ್ಬಿ, ಒಂದನ್ನೇ ಮೂರು ಮಾಡಿದ್ದು. ರಾನ್ ನಡುನಡುವೆ “ಆಮೇಲೆ?” ಅನ್ನುತ್ತಿದ್ದರು, ಮೂವತ್ತು ವರ್ಷದಲ್ಲಿ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವನು ಅವರಿಗೆ ಸಿಕ್ಕಿರಲಿಕ್ಕಿಲ್ಲ. ಬೆವ್ ಒಳಗೆ ಹೋಗಿ ಕಂಪ್ಯೂಟರ್ ತೆರೆದು ಲಾರೋಸ್ ಹೆಸರಲ್ಲಿ ಸಮಾಧಿ ಹುಡುಕಿದರು. ಇರಲಿಲ್ಲ. ನಾನು ಕುಣಿಯುವ ಹಾಗಾದೆ.

“ಬದುಕಿದ್ದಾರೆ!”

“ಸತ್ತಿದ್ದಕ್ಕೆ ಸಾಕ್ಷಿ ಸಿಕ್ಕಿಲ್ಲ ಅಂತ ಅಷ್ಟೇ. ಸೂಚಿಯಲ್ಲಿರೋದು ಎಷ್ಟೋ ವರ್ಷದ ಹಿಂದಿನವರೆಗೆ ಮಾತ್ರ, ಆಮೇಲೆ ಸತ್ತಿದ್ರೆ?” ಡಬ್ಬಿಯಲ್ಲಿ ಗೋಲಿ ಉರುಳಲಿಲ್ಲ, ದನಿ ತಣ್ಣಗಿತ್ತು. “ಟಿಕೆಟ್ ಬದಲಾಯಿಸ್ಕೋ. ಅಡಿಲೇಡ್‌ಗೆ ಹೋಗಿ ಆಕೆ ಎದುರು ಕೂತು ಹೇಳು.”

“ಮೊದಲು ಅಕ್ಕನ್ನ ಹುಡುಕಿ, ಆಮೇಲೆ ಸಿಹಿ ಸುದ್ದಿ ಜೊತೆಗೆ ಹೇಳಿದ್ರೆ?”

“ಸಿಹಿ ಸುದ್ದಿ ಇಟ್ಕೊಂಡು ಹೋದ್ರೆ ಅದು ಕ್ಷಮೆ ಕೇಳೋದಲ್ಲ, ಲಂಚ ಕೊಡೋದು. ಹುಡುಕಬೇಕಾ ಬೇಡವಾ ಅಂತ ಆಕೆ ಹೇಳ್ಲಿ. ಇನ್ನೊಂದು ಸಲ ಅಳೋ ಶಕ್ತಿ ಇದೆಯಾ ಅಂತ ಆಕೆಗೇ ಗೊತ್ತು.”

ಏಳು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಇದೊಂದಕ್ಕೇ ಸಂಬಳ ಹಿಂದಿರುಗಿಸಬಹುದಿತ್ತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ಐರಿಸ್ ಬಾಗಿಲು ತೆಗೆದಾಗ ನನ್ನ ಮುಖ ನೋಡಿಯೇ ಕೆಟಲ್ ಇಟ್ಟರು. ಊಟದ ಮೇಜಿನಲ್ಲಿ ಕೂತು ಹೇಳಿದೆ. ಯಾರ ದನಿಯಲ್ಲೂ ಅಲ್ಲ, ನನ್ನದೇ ದನಿಯಲ್ಲಿ. ಅದು ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಅವರು ಪೂರ್ತಿ ಕೇಳಿದರು.

“ಹಾಗಾದ್ರೆ ಐದು ತಿಂಗಳಿಂದ ನಾನು ಯಾರಿಗೋಸ್ಕರ ಅಳ್ತಾ ಇದ್ದೆ?”

“ಬೆಲಾಂಜೆಯವರ ಮನೆ ತೆರೆಸ್ ಅಂತ ಒಬ್ರಿಗೆ.”

“ಒಳ್ಳೆ ಹೆಂಗಸಾ?”

“ಗೊತ್ತಿಲ್ಲ.”

“ಇರ್ಲಿ. ಆಕೆಗೂ ಯಾರಾದ್ರೂ ಅಳಬೇಕಲ್ಲ.” ಅವರು ಕಿಟಕಿಯಾಚೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಮೂವತ್ತೈದು ವರ್ಷ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟ ಕಣ್ಣು. “ಎದ್ದು ಹೋಗು ಅನ್ನೋಷ್ಟು ಕೋಪ ಬಂದಿದೆ ನಂಗೆ. ನನ್ನ ಅಕ್ಕನ ಸಭೆಗೆ ಬಂದು ಮೂರು ಸ್ಕೋನ್ ತಿಂದೋನು ನೀನು. ಎಣಿಸಿದೀನಿ. ಆದ್ರೆ ಫ್ರೆಂಚ್ ಬರೋನು ನೀನೊಬ್ನೇ. ಹುಡುಕು. ಸತ್ತಿದ್ರೆ ಸತ್ತಿದಾಳೆ ಅಂತ ಹೇಳು. ಈ ಸಲ ನನ್ನೆದುರಿಗೇ ಹುಡುಕು.”

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಕೂತೆವು. ಕ್ಯೂಬೆಕ್‌ನಲ್ಲಿ ಹಿಂದಿನ ದಿನದ ಸಂಜೆ. ಮೊದಲು ತೆರೆಸ್ ಹುಟ್ಟಿದ ಊರಿನ ಚರ್ಚಿನ ಕಾರ್ಯದರ್ಶಿ ಜಿನೆಟ್ ಅವರಿಗೆ ಫೋನ್ ಮಾಡಿದೆ. ಹಳೆಯ ಕಡತಗಳಿಗಾಗಿ ಹಲವು ಸಲ ಮಾತಾಡಿಸಿದ್ದವರು. ಅವರ ಫ್ರೆಂಚ್ ಪಿಯುಸಿ ಪುಸ್ತಕದ ಫ್ರೆಂಚ್ ಅಲ್ಲ, ಪೂರ್ತಿ ಮೂಗಿನಿಂದ ಬರುವಂಥದ್ದು.

“ತೆರೆಸ್ ಲಾರೋಸಾ? ಆ ಮನೆಯವರು ‘ಮರ್ಸಿಯೆ ದಿ ಲಾರೋಸ್’ ಅಲ್ವಾ. ಎಲ್ರೂ ವಾಪಸ್ ಮರ್ಸಿಯೆ ಆಗಿ ಎಷ್ಟೋ ಕಾಲ ಆಯ್ತು. ಊರಲ್ಲಿ ಲಾರೋಸ್ ಅಂದ್ರೆ ಯಾರಿಗೂ ಗೊತ್ತಾಗಲ್ಲ. ತೆರೆಸ್ ಮರ್ಸಿಯೆ ಅನ್ನಿ. ಅಜ್ಜಿ ಸಾಕಿದ ಹುಡುಗಿ.”

“ಅವರು... ಇದ್ದಾರಾ?”

“ಇದ್ದಾರಾ ಅಂದ್ರೆ! ನಿನ್ನೆ ಬಿಂಗೋ ಆಟದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ಲು. ಮೋಸ ಮಾಡ್ತಾಳೆ. ನಂಬರ್ ಡೈರೆಕ್ಟರಿಯಲ್ಲೇ ಇದೆ, ನೋಡ್ಕೊಳ್ಳಿ.”

ಐರಿಸ್ ನನ್ನ ತೋಳು ಹಿಡಿದಿದ್ದರು. ಹೇಳಿದೆ: ಇದ್ದಾರೆ, ನಿನ್ನೆ ಬಿಂಗೋ ಆಡಿದ್ದಾರೆ, ಮೋಸ ಮಾಡುತ್ತಾರಂತೆ.

“ಇಸ್ಪೀಟಲ್ಲಿ ಅಮ್ಮನೂ ಮಾಡ್ತಿದ್ಲು” ಅಂದು ಐರಿಸ್ ಅಳುತ್ತ ನಗತೊಡಗಿದರು. ಮೇಜಿನ ಸುತ್ತ ಎರಡು ಸುತ್ತು ಬಂದು, “ಮಾಡು, ಮಾಡು, ಫೋನ್ ಮಾಡು” ಅಂದರು.

ಮಾಡಿದೆ. ತೊಂಬತ್ತೇಳು ಅಂಕದ ಫ್ರೆಂಚಿನಲ್ಲಿ, “ನಮಸ್ಕಾರ, ನಾನು ಆಸ್ಟ್ರೇಲಿಯಾದಿಂದ ಮಾತಾಡುತ್ತಿದ್ದೇನೆ, ನಿಮಗೊಂದು ಮುಖ್ಯ ಸುದ್ದಿ ಇದೆ” ಅಂದೆ.

“ನನ್ನ ಕಂಪ್ಯೂಟರಿಗೆ ವೈರಸ್ ಬಂದಿಲ್ಲ” ಅಂತು ಒಂದು ಮುದಿ ದನಿ. “ನನ್ನ ಹತ್ರ ಕಂಪ್ಯೂಟರೇ ಇಲ್ಲ.” ಫೋನ್ ಇಟ್ಟರು.

ತಪ್ಪು ಅವರದಲ್ಲ. ನಮ್ಮ ಕಡೆಯ ಉಚ್ಚಾರಣೆಯಲ್ಲಿ ಅಪರಿಚಿತರು ಫೋನ್ ಮಾಡಿ ಮುಖ್ಯ ಸುದ್ದಿ ಎಂದರೆ ಆ ಕಾಲದಲ್ಲಿ ಎಲ್ಲರಿಗೂ ಒಂದೇ ಅರ್ಥ: ವೈರಸ್ ಹೆಸರು ಹೇಳಿ ದುಡ್ಡು ಹೊಡೆಯುವವರು. ಹಾಗಿದ್ದರೆ ಉಚ್ಚಾರಣೆಯನ್ನೇ ಬದಲಿಸೋಣ ಎಂಬ ಭಾರೀ ಯೋಚನೆ ನನಗೆ ಬಂತು. ಮತ್ತೆ ಒತ್ತಿ, ಈಗಷ್ಟೇ ಕೇಳಿದ್ದ ಜಿನೆಟ್ ಅವರ ಮೂಗಿನ ಫ್ರೆಂಚನ್ನು ಹಾಗೆಯೇ ಎತ್ತಿ ಮಾತಾಡಿದೆ.

“ಜಿನೆಟ್? ನೆಗಡಿಯಾ ನಿಂಗೆ?” ಒಂದು ಕ್ಷಣ ಬಿಟ್ಟು, “ನೀನು ಜಿನೆಟ್ ಅಲ್ಲ. ಯಾರೋ ನೀನು, ವೈರಸ್ಸಿನವನೇ? ನಮ್ಮೂರಿನ ಹೆಂಗಸನ್ನ ಅಣಕಿಸ್ತೀಯಾ?” ಮತ್ತೆ ಇಟ್ಟರು. ಈ ಸಲ ಕಿವಿ ಗುಂಯ್ ಅನ್ನುವ ಹಾಗೆ.

ಒಂದು ಸಲ ಸಾಯಿಸಿದ್ದು ಸಾಲದೆಂದು, ಬದುಕಿ ಸಿಕ್ಕವರನ್ನೂ ಕಳೆದುಕೊಂಡೆ. ಇನ್ನೊಮ್ಮೆ ಇಟ್ಟರೆ ಅವರು ಆ ನಂಬರಿನಿಂದ ಬರುವ ಫೋನನ್ನು ಎತ್ತುವುದೇ ಇಲ್ಲ. ಐರಿಸ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

“ನೀನು ಸುಮ್ನಿರು. ನಾನು ಹೇಳಿದಾಗ ಮಾತ್ರ ಬಾಯಿ ಬಿಡು.”

ತಾವೇ ಒತ್ತಿದರು, ಸ್ಪೀಕರ್ ಹಾಕಿದರು. ಆ ಕಡೆ “ಮತ್ತೆ ನೀನಾ!” ಎಂದು ಗುಡುಗು ಶುರುವಾಗುವ ಮೊದಲೇ ಮೇಜಿನ ಮೇಲೆ ಬಾಗಿ ಒಂದೇ ಮಾತು ಹೇಳಿದರು: “ಅಲೀನ್.”

ಗುಡುಗು ನಿಂತಿತು.

“ಅಲೀನ್. ಮಮಾ. ನಾನು ಐರಿಸ್. ಅಲೀನ್, ಮಮಾ.” ಅವರಿಗೆ ಬರುತ್ತಿದ್ದ ಫ್ರೆಂಚ್ ಅಷ್ಟೇ.

ಆ ಕಡೆಯಿಂದ ಒಂದು ಪ್ರಶ್ನೆ ಬಂತು. ಐರಿಸ್ ನನಗೆ ಸನ್ನೆ ಮಾಡಿದರು. ಅನುವಾದಿಸಿದೆ: “ನಮ್ಮಮ್ಮನ ಹೆಸರು ಯಾವ ಪುಸ್ತಕದಲ್ಲಾದ್ರೂ ಸಿಗತ್ತೆ. ಹೆಸರು ಹಿಡ್ಕೊಂಡು ಯಾರು ಬೇಕಾದ್ರೂ ಫೋನ್ ಮಾಡಬಹುದು. ಪುಸ್ತಕದಲ್ಲಿ ಇಲ್ಲದ್ದು ಏನಾದ್ರೂ ಗೊತ್ತಿದ್ರೆ ಹೇಳು.” ಆಮೇಲೆ ದನಿ ತಗ್ಗಿತು. “ನಾಲ್ಕು ವರ್ಷದವರೆಗೂ ನಾನು ಅವಳ ಪಕ್ಕದಲ್ಲೇ ಮಲಗ್ತಿದ್ದೆ. ಮುಖ ನೆನಪಿಲ್ಲ. ಒಂದೇ ಒಂದು ನೆನಪಿದೆ. ಅವಳು ಮಲಗಿದಾಗ ಏನಾಗ್ತಿತ್ತು?”

ಐರಿಸ್ ಕಣ್ಣರಳಿಸಿದರು. “ಗೊರಕೆ! ದೇವರೇ, ಎಂಥ ಗೊರಕೆ! ಪಕ್ಕದ ಮನೆಯವರು ಕಿಟಕಿ ಹಾಕ್ಕೊಳ್ತಿದ್ರು. ಹೇಳು ಅವಳಿಗೆ, ಬೇಗ ಹೇಳು!”

ಬಾಯಿ ತೆರೆದೆ. ಗೊರಕೆಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ? ಪಿಯುಸಿ ಪಾಠದಲ್ಲಿ ರೈಲ್ವೆ ನಿಲ್ದಾಣ ಇತ್ತು, ಹೋಟೆಲಿನ ಕೋಣೆ ಇತ್ತು, ಆ ಕೋಣೆಯಲ್ಲಿ ಯಾರೂ ಗೊರಕೆ ಹೊಡೆದಿರಲಿಲ್ಲ. ಆ ಕಡೆ ಅವರು ಕಾಯುತ್ತಿದ್ದರು. ಐರಿಸ್ ನನ್ನ ಪಕ್ಕೆಗೆ ತಿವಿದರು. ಬೇರೆ ದಾರಿ ಕಾಣದೆ ಫೋನಿನ ಹತ್ತಿರ ಮುಖ ತಂದು ಗೊರಕೆ ಹೊಡೆದೆ.

“ಹಾಗಲ್ಲ” ಅಂದರು ಐರಿಸ್. “ಇನ್ನೂ ಕೆಳಗಿಂದ. ಎದೆಯಿಂದ.”

ಎದೆಯಿಂದ ಹೊಡೆದೆ.

“ಹ್ಞಾ, ಅದೇ. ಈಗ ಸ್ವಲ್ಪ ನಿಲ್ಸು. ಉಸಿರು ಕಟ್ಟಿದ ಹಾಗೆ. ಸತ್ತೇ ಹೋದ್ಲೇನೋ ಅಂತ ನಾವು ಹೆದರ್ಕೋಬೇಕು. ಆಮೇಲೆ ಕೊನೇಲಿ ಸಣ್ಣಗೆ ಒಂದು ಸಿಳ್ಳೆ, ಕೆಟಲ್ ಕುದಿಯೋಕೆ ಮುಂಚೆ ಬರತ್ತಲ್ಲ, ಹಾಗೆ.”

ಅಡಿಲೇಡಿನ ಒಂದು ಊಟದ ಮೇಜಿನಲ್ಲಿ, ಬೆಳಗಿನ ಎಂಟು ಗಂಟೆಗೆ, ಎಂದೂ ನೋಡದ ಹೆಂಗಸಿನ ನಿದ್ದೆಯನ್ನು ನಾನು ಎಳೆದೆ, ನಿಲ್ಲಿಸಿದೆ, ಸಿಳ್ಳೆ ಹಾಕಿದೆ.

ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಮತ್ತೆ ಇಟ್ಟುಬಿಟ್ಟರೆಂದು ನಾನು ಐರಿಸ್ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

ಆಮೇಲೆ ತೆರೆಸ್ ಅಂದರು, “ಇನ್ನೊಂದು ಸಲ.”